ನೀಲಿ ನಳಿಗೆಯ ಮೇಲೆ ಐದು ಬೆರಳು

"ಸಹಿ ಹಾಕ್ಬಿಡಿ ಅಕ್ಕಾ. ಒಂದೇ ಒಂದು ಸಹಿ. ಫೈಲು ಮುಚ್ಚಿ ಮನೆಗೆ ಹೋಗೋಣ."

ಸಾಹೇಬ ಪೆನ್ನಿನ ಮುಚ್ಚಳವನ್ನು ತಾನೇ ತೆಗೆದು ಮುಂದೆ ಹಿಡಿದ. ಆಯಿಲಕ್ಕ ಪೆನ್ನು ತೆಗೆದುಕೊಂಡಳು, ಕಿವಿಯ ಮೇಲೆ ಸಿಕ್ಕಿಸಿಕೊಂಡಳು, ಮೇಜಿನ ಮೇಲಿದ್ದ ಬಂದೂಕಿನ ಕಡೆಗೇ ಬಗ್ಗಿದಳು.

ಠಾಣೆಯ ಉಗ್ರಾಣದಲ್ಲಿದ್ದವರು ಮೂವರೇ. ಅವಳು, ಸಾಹೇಬ, ಬಾಗಿಲಿಗೆ ಒರಗಿ ರಿಜಿಸ್ಟರ್ ಹಿಡಿದು ನಿಂತ ಪೇದೆ. ಹನ್ನೊಂದು ದಿನದ ಹಿಂದೆ, ಭಾನುವಾರ ಮಧ್ಯಾಹ್ನ, ಹಲ್ಲಿನ ಡಾಕ್ಟರು ತಮ್ಮ ಬಂದೂಕಿನ ಕೋಣೆಯಲ್ಲಿ ಎದೆಗೆ ಗುಂಡು ಬಿದ್ದು ಸತ್ತಿದ್ದರು. ಒರೆಸುವಾಗ ತಾನಾಗಿ ಹಾರಿತು ಎಂದು ಊರೆಲ್ಲ ನಂಬಿಯಾಗಿತ್ತು. 'ಹಳೆಯ ಬಂದೂಕು, ದೋಷವಿದೆ' ಎಂದು ಬಲ್ಲವರೊಬ್ಬರು ಬರೆದುಕೊಟ್ಟರೆ ಸಾಕಿತ್ತು.

ಬಲ್ಲವರು ಎಂದರೆ ಆಯಿಲಕ್ಕನೇ. ಮೂವತ್ತೊಂದು ವರ್ಷ ಪೊಲೀಸರ ಬಂದೂಕು ರಿಪೇರಿ ಮಾಡಿ, ಎರಡು ವರ್ಷದ ಹಿಂದೆ ನಿವೃತ್ತಳಾದವಳು. ಎಷ್ಟು ಸೋಪು ಹಚ್ಚಿದರೂ ಕೈಯ ಎಣ್ಣೆ ವಾಸನೆ ಹೋಗದ ಕಾರಣ ಆ ಹೆಸರು. ಬಂದೂಕು ಹಿಡಿಯುವುದು ಹೇಗೆಂದು ಸಾಹೇಬನಿಗೆ ಕಲಿಸಿದವಳೂ ಅವಳೇ. ಭುಜದ ಮೇಲೆ ಎಷ್ಟು ನಕ್ಷತ್ರ ಏರಿದರೂ ಅವಳ ಪಾಲಿಗೆ ಅವನು 'ನೀನು'.

"ಇದನ್ನ ಯಾರೂ ಬಿಚ್ಚಿ ನೋಡಿಲ್ವಾ?"

"ಬಿಚ್ಚೋಕೆ ಬಂದ್ರೆ ತಾನೆ? ತುಕ್ಕು ಹಿಡಿದು ಕಚ್ಚಿಕೊಂಡಿದೆ. ನಾಲ್ಕು ಜನ ಎಳೆದರೂ ಮುಂದಿನ ಹಿಡಿ ಅಲ್ಲಾಡ್ಲಿಲ್ಲ. ಹಾಗೇ ಚೀಲಕ್ಕೆ ಹಾಕಿ ಸೀಲ್ ಮಾಡಿದ್ವಿ."

"ಇದು ಕಚ್ಚಿಕೊಂಡಿಲ್ಲಪ್ಪ," ಎಂದಳು ಆಯಿಲಕ್ಕ. "ಕಾಯ್ತಾ ಇದೆ. ಇಬ್ಬರೂ ನನ್ನ ಹಿಂದೆ ಬನ್ನಿ."

ಬಂದೂಕಿನ ಬಾಯಿಯನ್ನು ಮೂಲೆಯ ಮರಳಿನ ಮೂಟೆಗೆ ತಿರುಗಿಸಿದಳು. ಟ್ರಿಗರ್ ಪಕ್ಕದಲ್ಲಿ ಕಡಲೆಕಾಳಿನಷ್ಟು ಸಣ್ಣದೊಂದು ಗುಂಡಿ ಇತ್ತು. ಅದನ್ನು ಒತ್ತಿ, ಎಡಗೈಯಿಂದ ಮರದ ಹಿಡಿಯನ್ನು ಹಿಂದಕ್ಕೆ ಎಳೆದಳು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಅದು ಸರಿಯಿತು. ಪಕ್ಕದ ಕಿಂಡಿಯಿಂದ ಒಂದು ತೋಟಾ ಚಿಮ್ಮಿ, ಉರುಳುತ್ತ ಹೋಗಿ ಸಾಹೇಬನ ಬೂಟಿಗೆ ತಗುಲಿ ನಿಂತಿತು.

ಹಾರದ ತೋಟಾ. ಜೀವಂತ ತೋಟಾ.

ಪೇದೆಯ ಕೈಯಿಂದ ರಿಜಿಸ್ಟರ್ ಬಿತ್ತು. ಹನ್ನೊಂದು ದಿನ ಅದರ ಪಕ್ಕದ ಬೆಂಚಿನಲ್ಲೇ ಅವನು ಊಟದ ಡಬ್ಬಿ ಬಿಚ್ಚಿದ್ದ.

ನಳಿಗೆಯ ಕೆಳಗಿನ, ತೋಟಾ ತುಂಬುವ ಕೊಳವೆಯಲ್ಲಿದ್ದ ಇನ್ನೂ ಮೂರನ್ನು ಹೊರಗೆ ತೆಗೆದು ಸಾಲಾಗಿ ನಿಲ್ಲಿಸಿ ಆಯಿಲಕ್ಕ ಕುಳಿತಳು.

"ಈಗ ಕೇಳು. ಇದು ಪಂಪ್ ರೈಫಲ್. ಗುಂಡು ಹಾರಿದ ಮೇಲೆ ತೋಟಾದ ಖಾಲಿ ಕೋಶ ತಾನಾಗಿ ಹೊರಗೆ ಬರಲ್ಲ, ಒಳಗೇ ಕೂತಿರುತ್ತೆ. ಯಾರಾದ್ರೂ ಹಿಡಿ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದ್ರೆ ಮಾತ್ರ ಖಾಲಿದು ಹೊರಗೆ, ಹೊಸದು ಒಳಗೆ. ಆಮೇಲೆ ಹಿಡಿ ಬಿಗಿಯಾಗಿ ಕೂತ್ಕೊಳ್ಳುತ್ತೆ. ಇನ್ನೊಂದು ಸಲ ಹಾರಿಸೋ ತನಕ, ಇಲ್ಲಾ ಈ ಗುಂಡಿ ಒತ್ತೋ ತನಕ ಅಲ್ಲಾಡಲ್ಲ. ಖಾಲಿ ಕೋಶ ನಿಮಗೆ ಎಲ್ಲಿ ಸಿಕ್ತು?"

"ಮೇಜಿನ ಕೆಳಗೆ," ಎಂದ ಪೇದೆ. "ಮೊದಲು ಹೋದವನು ನಾನೇ ಅಮ್ಮ. ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆದಿದ್ದೂ ನಾನೇ. ಫೋಟೋ ಇದೆ."

"ಬಂದೂಕು ಮುಟ್ಟಿದ್ಯಾ?"

"ನನಗೆ ಇಬ್ಬರು ಮಕ್ಕಳಿದಾರಮ್ಮ," ಎಂದನವನು, ಅದೇ ಉತ್ತರವೆಂಬಂತೆ.

ಸಾಹೇಬ ಬಗ್ಗಿ ತೋಟಾ ಎತ್ತಿಕೊಂಡ. "ಗುಂಡು ಬಿದ್ದ ಕೂಡ್ಲೆ ಪ್ರಾಣ ಹೋಗಿದೆ ಅಂತ ಶವಪರೀಕ್ಷೆ ಮಾಡಿದ ವೈದ್ಯರು ಬರೆದಿದಾರೆ."

"ಸತ್ತವನು ಹಿಡಿ ಎಳೀತಾನಾ?"

ಸಾಹೇಬನ ಬೆರಳುಗಳ ನಡುವೆ ತೋಟಾ ಒಮ್ಮೆ ತಿರುಗಿತು.

"ಡಾಕ್ಟರು ಬಿದ್ದ ಮೇಲೆ ಯಾರೋ ಇದನ್ನ ಮತ್ತೆ ಸಿದ್ಧ ಮಾಡಿದಾರೆ," ಎಂದಳು ಆಯಿಲಕ್ಕ. "ಎರಡನೇ ಗುಂಡು ಯಾರಿಗೆ ಅಂತ ಹೇಳು, ಸಹಿ ಹಾಕ್ತೀನಿ."

*

ಡಾಕ್ಟರು ಪ್ರತಿ ಶನಿವಾರ ಅವಳ ಮನೆಯ ರಿಪೇರಿ ಬೆಂಚಿಗೆ ಬರುತ್ತಿದ್ದರು. ಅವರ ಹತ್ತಿರ ಹದಿನಾಲ್ಕು ಬಂದೂಕುಗಳಿದ್ದವು. ಹದಿನಾಲ್ಕೂ ಪಂಪ್ ರೈಫಲ್, ಹದಿನಾಲ್ಕೂ ಅವರಿಗಿಂತ ಹಿರಿಯವು. ಬೇಟೆಗೆಂದೇ ಹುಟ್ಟಿದ ಆ ಬಂದೂಕುಗಳಿಂದ ಅವರು ಒಂದು ಮೊಲವನ್ನೂ ಹೊಡೆದವರಲ್ಲ. ಮೈದಾನದಲ್ಲಿ ತಗಡಿನ ತಟ್ಟೆ ನೇತುಹಾಕಿ, ಅದು ಠಣ್ಣೆಂದರೆ ಮಗುವಿನ ಹಾಗೆ ನಗುತ್ತಿದ್ದರು.

"ಅದೇನು ಮೋಡಿ ಡಾಕ್ಟ್ರೇ ಇದರಲ್ಲಿ?" ಎಂದು ಒಮ್ಮೆ ಕೇಳಿದ್ದಳು, ತನಗೆ ಗೊತ್ತಿದ್ದರೂ.

"ಬೇರೆ ಬಂದೂಕಾದರೆ ಪ್ರತಿ ಗುಂಡಿಗೂ ಕೈ ತೆಗಿಬೇಕು, ಕಣ್ಣು ತೆಗಿಬೇಕು. ಇದರಲ್ಲಿ ಕಣ್ಣು ಅಲ್ಲೇ, ಬಲಗೈ ಅಲ್ಲೇ. ಎಡಗೈ ಮಾತ್ರ ಹೋಗಿ ಬರುತ್ತೆ, ಉಸಿರಾಡಿದ ಹಾಗೆ. ಆಮೇಲೆ ನೋಡಕ್ಕಾ, ಇಡೀ ದಿನ ಎಲ್ಲರಿಗೂ ಬಾಯಿ ತೆಗೀರಿ, ಬಾಯಿ ತೆಗೀರಿ ಅಂತೀನಿ. ಸಂಜೆಗೆ ಸರಿಯಾಗಿ ಮುಚ್ಚೋ ಬಾಯಿ ಒಂದಾದ್ರೂ ಬೇಡ್ವಾ?"

ಆ ಮಾತಿಗೆ ಇಬ್ಬರೂ ನಕ್ಕಿದ್ದರು. ಈಗ ಮೇಜಿನ ಮೇಲೆ ಮಲಗಿದ್ದು ಆ ಹದಿನಾಲ್ಕರಲ್ಲಿ ರಾಣಿ. ದುಂಡಗಲ್ಲದ, ಎಂಟು ಮೂಲೆಯ ನಳಿಗೆ, ಹಳೆಯ ಮಸಿಯಂಥ ಗಾಢ ನೀಲಿ ಪಾಲಿಶ್, ತೊಂಬತ್ತು ವರ್ಷ ಅಂಗೈ ಉಜ್ಜಿ ಉಜ್ಜಿ ಗೀರುಗಳೇ ಅಳಿಸಿಹೋದ ಆಕ್ರೋಟ್ ಮರದ ಹಿಡಿ. ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದಳು. ಎಷ್ಟು ನೋಡಿದರೂ ಸಾಲದು.

ಹಾಗೆ ನೋಡುವಾಗಲೇ ಕಂಡಿದ್ದು.

ನಳಿಗೆಯ ಒಂದು ಪಕ್ಕದಲ್ಲಿ ನಾಲ್ಕು ಕಂದು ಕಲೆ, ಇನ್ನೊಂದು ಪಕ್ಕದಲ್ಲಿ ಒಂದು. ತುಕ್ಕು. ಎಳೆಯ ತುಕ್ಕು.

"ಬೆರಳು," ಎಂದಳು. "ಯಾರೋ ಬರಿಗೈಯಲ್ಲಿ ಬಿಗಿಯಾಗಿ ಹಿಡಿದಿದಾರೆ."

"ಮುಟ್ಟಿದವರದೆಲ್ಲ ಹೀಗೆ ಮೂಡುತ್ತಾ?"

"ಎಲ್ಲರದೂ ಅಲ್ಲ. ಕೆಲವರ ಬೆವರಲ್ಲಿ ಉಪ್ಪು ಜಾಸ್ತಿ. ನಮ್ಮ ರಿಪೇರಿ ಖಾತೆಯಲ್ಲಿ ಒಬ್ಬನಿದ್ದ, ಮುಟ್ಟಿದ್ದೆಲ್ಲ ವಾರದಲ್ಲಿ ತುಕ್ಕು. ಉಪ್ಪುಗೈ ಅಂತ ಕರೀತಿದ್ವಿ. ಕೊನೆಗೆ ಅವನನ್ನ ಟಪಾಲು ವಿಭಾಗಕ್ಕೆ ಹಾಕಿದ್ರು. ಡಾಕ್ಟರದು ಒಣಕೈ. ಇದು ಅವರದಲ್ಲ."

ಸಾಹೇಬ ಕಲೆಗಳನ್ನೇ ನೋಡಿದ. "ಆ ಮನೆಯಲ್ಲಿ ಇದ್ದಿದ್ದು ಇನ್ನು ಮೂರೇ ಜನ ಅಕ್ಕಾ. ಡಾಕ್ಟರಿಗೆ ಹೆಂಡತಿ ಮಕ್ಕಳಿಲ್ಲ. ಕೆಳಗಡೆ ಟೈಲರ್ ಅಂಗಡಿ ಇಟ್ಟಿರೋ ಅವರ ತಂಗಿ, ತಂಗಿ ಮಗಳು, ಅವಳ ಗಂಡ. ಆ ಹುಡುಗಿ ಏಳು ತಿಂಗಳ ಬಸುರಿ. ಹುಷಾರಾಗಿ ಮಾತಾಡಿ. ಇವತ್ತು ಸಂಜೆ ಐದರ ತನಕ ಫೈಲು ನನ್ನ ಮೇಜಿನ ಮೇಲಿರುತ್ತೆ, ಆಮೇಲೆ ಮೇಲಿನವರಿಗೆ ಹೋಗುತ್ತೆ."

ಆಯಿಲಕ್ಕ ತೆಳುಕಾಗದವನ್ನು ನಳಿಗೆಗೆ ಸುತ್ತಿ, ಐದು ಕಲೆಗಳನ್ನೂ ಪೆನ್ಸಿಲಿನಲ್ಲಿ ಇಳಿಸಿಕೊಂಡಳು. ಬಂದೂಕಿನ ಬಾಯಿ ಯಾವ ಕಡೆ ಎಂದು ತಿಳಿಯಲು ಒಂದು ಬಾಣದ ಗುರುತು ಹಾಕಿದಳು. ಸಾಹೇಬನ ಪೆನ್ನು ಕಿವಿಯ ಮೇಲೇ ಉಳಿಯಿತು.

*

ಡಾಕ್ಟರ ಮನೆಯ ಮುಂದೆ ಡ್ರೈವಿಂಗ್ ಶಾಲೆಯ ಕಾರು ನಿಂತಿತ್ತು, ಎರಡೂ ಸೀಟಿನ ಮುಂದೆ ಬ್ರೇಕಿರುವಂಥದ್ದು. ಡ್ರೈವಿಂಗ್ ಮೇಷ್ಟ್ರಾದ, ತಂಗಿಯ ಅಳಿಯ, ಹೆಂಡತಿಯನ್ನು ತೋಳು ಹಿಡಿದು ಒಳಗೆ ಕೂರಿಸುತ್ತಿದ್ದ. ದಿನವೂ ಹೆದರುವವರ ಪಕ್ಕದಲ್ಲೇ ಕೂತು ಬದುಕುವ ಅವನದು ಯಾವತ್ತೂ ಏರದ ದನಿ.

"ಬನ್ನಿ ದೊಡ್ಡಮ್ಮ. ಆಸ್ಪತ್ರೆಗೆ ಹೊರಟಿದ್ವಿ, ಇವಳ ಚೆಕಪ್ಪು. ಅತ್ತೆ ಒಳಗಿದಾರೆ."

"ನಿಮಗೂ ಬಂದೂಕಿನ ಹುಚ್ಚು ಇದ್ಯೇನಪ್ಪಾ, ಮಾವನ ಹಾಗೆ?"

"ನನಗಾ? ಟೈರ್ ಒಡೆದ್ರೇ ಎದೆ ಝಲ್ ಅನ್ನುತ್ತೆ."

ಕಾರಿನೊಳಗಿನಿಂದ ಹೆಂಡತಿ ನಕ್ಕಳು. "ಸುಳ್ಳು ದೊಡ್ಡಮ್ಮ. ಮಾವನ ಜತೆ ಮೈದಾನಕ್ಕೆ ಹೋಗಿ ತಟ್ಟೆ ಹೊಡೀತಿದ್ದವರು ಇವರೇ. ಮಾವ ಇವರ ಕೈ ಹೊಗಳಿದ್ದೇ ಹೊಗಳಿದ್ದು."

ಅಳಿಯನೂ ನಕ್ಕ. ನಕ್ಕದ್ದು ಅವನ ಬಾಯಿ ಮಾತ್ರ. ಬಾಗಿಲು ಮುಚ್ಚಿ, ಆಯಿಲಕ್ಕನ ಚೀಲವನ್ನು ಒಂದು ಕ್ಷಣ ಹೆಚ್ಚೇ ನೋಡಿ, ಕಾರು ಹತ್ತಿದ.

ಸುಳ್ಳು ಹೇಳಬೇಕಾದ ಮಾತೇ ಅಲ್ಲವಲ್ಲ, ಯಾಕೆ ಹೇಳಿದ? ಕಾರು ತಿರುವು ದಾಟುವವರೆಗೂ ಅವಳು ಮೆಟ್ಟಿಲ ಮೇಲೇ ನಿಂತಿದ್ದಳು.

*

ಟೈಲರ್ ತಂಗಿ ಕಿಟಕಿಯ ಪಕ್ಕದ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಸುತ್ತ ಬಟ್ಟೆಯ ರಾಶಿ. ತಾಯಿ ತೀರಿದ ಮೇಲೆ ಅವಳನ್ನು ತಲೆ ಬಾಚಿ ಶಾಲೆಗೆ ಕಳಿಸಿದ್ದು ಅಣ್ಣನೇ. ಗಂಡ ಹೋದ ಮೇಲೆ ಮಗಳ ಸಮೇತ ಕರೆದು ತಂದು ಇಟ್ಟುಕೊಂಡದ್ದೂ ಅಣ್ಣನೇ. ಹನ್ನೊಂದು ದಿನದಲ್ಲಿ ಅವಳ ಕುಪ್ಪಸದ ತೋಳು ಸಡಿಲವಾಗಿತ್ತು.

"ತೋಳಿನ ಗುಂಡಿ ಬಿಟ್ಟಿದೆ ಕಣೇ, ಹಾಕಿಕೊಡ್ತೀಯಾ?" ಎಂದು ಆಯಿಲಕ್ಕ ಕೈ ಚಾಚಿದಳು. ಗುಂಡಿ ನಿಜವಾಗಿಯೂ ಬಿಟ್ಟಿತ್ತು. ದಾರಿಯಲ್ಲಿ ಅವಳೇ ಕಿತ್ತಿದ್ದಳು.

ತಂಗಿ ಪೌಡರ್ ತುಂಬಿದ ಡಬ್ಬಿಯಿಂದ ಒಂದು ಸೂಜಿ ಆರಿಸಿದಳು. ನಾಲ್ಕು ಹೊಲಿಗೆ ಹಾಕಿ, ದಾರ ಕಚ್ಚಿ ಹರಿದು, ಸೂಜಿಯನ್ನು ಕಸದ ಬಟ್ಟಲಿಗೆ ಹಾಕಿದಳು. ಮೇಜಿನ ಮೇಲಿದ್ದ ಕತ್ತರಿಯ ಎರಡೂ ಹಿಡಿಗೆ ಬಟ್ಟೆಯ ಪಟ್ಟಿ ಒತ್ತೊತ್ತಾಗಿ ಸುತ್ತಿತ್ತು.

"ಒಂದು ಗುಂಡಿಗೆ ಒಂದು ಸೂಜಿಯೇನೇ? ಒಳ್ಳೆ ಶ್ರೀಮಂತಿಕೆ."

"ನನ್ನ ಕೈಗೆ ಸಿಕ್ಕಿದ ಸೂಜಿ ಎರಡು ದಿನ ಬಾಳಲ್ಲ ಅಕ್ಕಾ. ಹುಟ್ಟಿದಾಗಿಂದ ಹೀಗೇ. 'ನಿನ್ನದು ಕೈಯಲ್ಲ ಕಣೇ, ಉಪ್ಪಿನ ಜಾಡಿ, ನನ್ನ ಬಂದೂಕಿನ ಹತ್ತಿರ ಸುಳೀಬೇಡ' ಅಂತಿದ್ದ ಅಣ್ಣ."

ಉಪ್ಪುಗೈ ಇಷ್ಟು ಬೇಗ ಸಿಗುತ್ತದೆಂದು ಆಯಿಲಕ್ಕ ಎಣಿಸಿರಲಿಲ್ಲ. ಇವಳಲ್ಲಿ ಸಿಗದಿರಲಿ ಎಂದೂ ಒಳಗೊಳಗೇ ಬೇಡಿಕೊಂಡಿದ್ದಳು.

"ನೀನು ಸುಳೀಲಿಲ್ವಾ?"

"ಇಷ್ಟು ವರ್ಷದಲ್ಲಿ ಒಂದನ್ನೂ ಮುಟ್ಟಿಲ್ಲ. ಅಣ್ಣನ ಆಣೆ."

"ಸತ್ತವನ ತಲೆ ಮೇಲೆ ಸುಳ್ಳಾಣೆ ಹೊರಿಸ್ಬೇಡ ಕಣೇ."

ಹೊಲಿಗೆ ಯಂತ್ರದ ಚಕ್ರದ ಮೇಲಿದ್ದ ತಂಗಿಯ ಕೈ ನಿಂತಿತು.

"ಆ ಭಾನುವಾರ ಎಲ್ಲಿದ್ದೆ?"

"ಇಲ್ಲೇ. ಮಿಷನ್ ಸದ್ದಲ್ಲಿ ನನಗೇನೂ ಕೇಳಿಸ್ಲಿಲ್ಲ. ಪೊಲೀಸರು ಆವತ್ತೇ ಬರೆದುಕೊಂಡು ಹೋಗಿದಾರಲ್ಲ."

"ನಳಿಗೆ ಮೇಲೆ ನಿನ್ನ ಐದೂ ಬೆರಳು ತುಕ್ಕು ಹಿಡಿದು ಕೂತಿವೆ."

ಆಯಿಲಕ್ಕ ಮೂಲೆಯಲ್ಲಿದ್ದ, ಬಟ್ಟೆ ಸುತ್ತುವ ಮರದ ಕೋಲನ್ನು ಎಳೆದುಕೊಂಡು ಪೆನ್ಸಿಲ್ ಕಾಗದವನ್ನು ಅದಕ್ಕೆ ಸುತ್ತಿದಳು. "ಇದೇ ಬಂದೂಕು ಅಂದ್ಕೋ. ಹಿಡಿ. ಹಾರಿಸೋರ ಹಾಗೆ ಹಿಡಿ."

"ಅಕ್ಕಾ, ಬೇಡ."

"ಹಿಡಿ ಅಂದೆ. ನಿನ್ನ ಅಣ್ಣನ ಮೇಲೆ ನಿನಗೆಂಥ ಸಿಟ್ಟಿತ್ತು ಅಂತ ನಾನೂ ನೋಡ್ತೀನಿ."

ತಂಗಿ ಎದ್ದು ನಿಂತು ಹಿಡಿದಳು. ಬಾಣದ ಗುರುತು ಮುಂದೆ, ಎಡಗೈ ಕೆಳಗೆ. ಬೆರಳು ಕೂರಲಿಲ್ಲ. ಕಿರುಬೆರಳಿನ ಸಣ್ಣ ಕಲೆ ಇದ್ದ ಕಡೆ ತೋರುಬೆರಳು ಬಂತು. ಆಯಿಲಕ್ಕ ಬಲಗೈ ಹಾಕಿಸಿದಳು. ಕೂರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಎತ್ತಿಸಿದಳು. ಆಗಲೂ ಇಲ್ಲ.

ಎಲ್ಲಿ ಎಡವಿದೆ? ಆಯಿಲಕ್ಕ ಕೋಲನ್ನು ಕಸಿದುಕೊಂಡು, ಗುರಿ ನೋಡುವವರ ಹಾಗೆ ತನ್ನ ಭುಜಕ್ಕೇ ಒತ್ತಿಕೊಂಡು ಕಾಗದದ ಉದ್ದಕ್ಕೂ ಕಣ್ಣು ಹಾಯಿಸಿದಳು. ಕೋಲಿನ ತುದಿ ಎದುರಿಗಿದ್ದ ತಂಗಿಯ ಎದೆಗೆ ತಿರುಗಿತು.

ತಂಗಿಯ ಬಲಗೈ ಹಾರಿ ಬಂದು ಕೋಲನ್ನು ಗಬಕ್ಕನೆ ಹಿಡಿದು ಮೇಲಕ್ಕೆ ನೂಕಿತು. ಕೈ ಹಾಕಿದ್ದು ಅವಳಿಗೇ ಆಮೇಲೆ ಗೊತ್ತಾಯಿತು.

ಇಬ್ಬರೂ ಕಾಗದ ನೋಡಿದರು. ಐದು ಕಲೆಯ ಮೇಲೆ ಐದು ಬೆರಳು. ಅಳತೆ ಕೊಟ್ಟು ಹೊಲಿಸಿದಂತೆ.

"ಅಯ್ಯೋ," ಎಂದಳು ಆಯಿಲಕ್ಕ ಮೆಲ್ಲಗೆ. "ನೀನು ಬಂದೂಕಿನ ಹಿಂದೆ ಇರ್ಲಿಲ್ಲ. ಮುಂದೆ ಇದ್ದೆ. ಎರಡನೇ ಗುಂಡು ನಿನಗಿತ್ತು."

ತಂಗಿ ಮತ್ತೆ ಯಂತ್ರದ ಮುಂದೆ ಕೂತಳು. ಅಳಲಿಲ್ಲ. ಬಾಯಿಗೆ ಬಟ್ಟೆಯ ತುಂಡು ಒತ್ತಿಕೊಂಡು, ಮಾತನ್ನು ಅದರೊಳಗಿಂದಲೇ ಹೊರಡಿಸಿದಳು.

"ಊಟಕ್ಕೆ ಕರೆಯೋಕೆ ಮಹಡಿ ಹತ್ತಿದೆ. ಬಾಗಿಲ ಹತ್ತಿರ ಹೋಗ್ತಿದ್ದ ಹಾಗೇ ಢಂ ಅಂತು. ತಳ್ಳಿಕೊಂಡು ಒಳಗೆ ಹೋದ್ರೆ ಅಣ್ಣ ನೆಲದ ಮೇಲೆ. ಅವನು ನಿಂತಿದ್ದ. ನನ್ನ ಕಡೆ ತಿರುಗಿದ, ಹಿಡಿ ಎಳೆದ. ನೋಡಲೂ ಇಲ್ಲ ಅಕ್ಕಾ, ಕೈ ತಾನಾಗೇ ಎಳೀತು. ನಾನು ಹೋಗಿ ನಳಿಗೆ ಹಿಡ್ಕೊಂಡೆ. ಎಷ್ಟು ಹೊತ್ತೋ. ಆಮೇಲೆ ಕೈ ಬಿಟ್ಟು ಹಿಂದಿನ ಮೆಟ್ಟಿಲಿಳಿದು ಹೋದ. ನಾನು ಅದನ್ನ ಅಣ್ಣನ ಪಕ್ಕದಲ್ಲಿಟ್ಟೆ."

"ಅವನು ಅಂದ್ರೆ?"

ತಂಗಿ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು.

"ನಿನ್ನ ಅಳಿಯ."

"ನನ್ನ ಮಗಳು ಬಸುರಿ ಅಕ್ಕಾ," ಎಂದಳು ತಂಗಿ. "ಹುಟ್ಟೋ ಮಗುವಿನ ಅಪ್ಪನನ್ನ ನೇಣಿಗೆ ಹಾಕು ಅಂತ ನನ್ನ ಬಾಯಲ್ಲೇ ಹೇಳ್ಲಾ? ಹೋದ ಅಣ್ಣ ಬರ್ತಾನಾ?"

"ಯಾಕೆ ಕೊಂದ?"

"ನನ್ನನ್ನೇನು ಕೇಳ್ತೀರಿ. ದಿನಾ ಎದುರುಬದುರು ಕೂತು ಉಣ್ತೀವಿ. ಅವನೂ ಹೇಳಲ್ಲ, ನಾನೂ ಕೇಳಲ್ಲ."

ಆಯಿಲಕ್ಕ ಗಡಿಯಾರ ನೋಡಿದಳು. ಎರಡೂವರೆ. ಆ ಹುಡುಗಿ ಈಗ ಅವನ ಪಕ್ಕದಲ್ಲೇ ಕೂತಿದ್ದಾಳೆ.

"ಮಗಳಿಗೆ ಫೋನ್ ಹಚ್ಚು. ಏನೂ ತೋರಿಸ್ಕೋಬೇಡ. ಆಸ್ಪತ್ರೆಯಲ್ಲೇ ಇರು, ನಾನೂ ಬರ್ತೀನಿ ಅನ್ನು, ಅಷ್ಟೇ."

ತಂಗಿ ಹಚ್ಚಿದಳು. ಏಳೆಂಟು ಸಲ ಗಂಟೆ ಹೊಡೆದ ಮೇಲೆ ಯಾರೋ ಎತ್ತಿದರು. ತಂಗಿ ಫೋನನ್ನು ಆಯಿಲಕ್ಕನ ಕೈಗಿಟ್ಟಳು.

"ದೊಡ್ಡಮ್ಮ ಅಲ್ವಾ?" ಅಳಿಯನ ದನಿ. ಗೇರ್ ಬದಲಿಸಲು ಹೇಳಿಕೊಡುವಷ್ಟೇ ಶಾಂತ. "ಅತ್ತೆ ಎಲ್ಲ ಹೇಳಿದ್ರು ಅನ್ಸುತ್ತೆ."

"ಹುಡುಗಿ ಎಲ್ಲಿ?"

"ಹಿಂದಿನ ಸೀಟಲ್ಲಿ ಮಲಗಿದಾಳೆ. ಚೆನ್ನಾಗಿದಾಳೆ. ಆಸ್ಪತ್ರೆಗೆ ಹೋಗ್ಲಿಲ್ಲ, ಊರು ಬಿಟ್ಟು ಬಂದಿದೀನಿ. ಆ ಮನೆಯಲ್ಲಿ ಇನ್ನೊಂದು ರಾತ್ರಿ ಅವಳನ್ನ ಮಲಗಿಸೋ ಧೈರ್ಯ ನನಗಿಲ್ಲ."

"ನಿನ್ನ ಧೈರ್ಯದ ಮಾತು ಆಮೇಲೆ. ಬಂದೂಕು ಹಾರಿಸಿದ್ದು ನೀನೇ ತಾನೆ?"

"ನಾನೇ. ಒಂದು ಸಲ. ಕಿಟಕಿಯಿಂದ ಆಚೆಗೆ, ಹೆದರಿಸೋಕೆ. ಮಾವ ಆಗಲೇ ನೆಲದ ಮೇಲೆ ಬಿದ್ದಿದ್ರು ದೊಡ್ಡಮ್ಮ. ಎದುರಿಗೆ ಮೇಜಿನ ಮೇಲಿದ್ದ ಬಂದೂಕು ನನ್ನ ಕೈಗೆ ಸಿಕ್ತು. ನೀವು ಬಂದೂಕು ಬಲ್ಲವರು. ಮಾವನ ಎದೆಯಿಂದ ತೆಗೆದ ಗುಂಡು ಆ ಬಂದೂಕಿನದೇನಾ ಅಂತ ನೋಡಿದೀರಾ?"

ಆಯಿಲಕ್ಕ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಆಕಸ್ಮಿಕ ಎಂದು ನಂಬಿದವರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಅವಳಾದರೋ ನೀಲಿ ನಳಿಗೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ, ಅದರ ಚೆಲುವಿಗೇ ಮರುಳಾಗಿ ಕೂತಿದ್ದಳು.

"ಅತ್ತೆ ನನ್ನ ಕೈಲಿದ್ದ ಬಂದೂಕು ಹಿಡ್ಕೊಂಡಿದ್ದು ಬಲಗೈಯಲ್ಲಿ," ಎಂದ ಅಳಿಯ. "ಆಗ ಅವರ ಎಡಗೈಯಲ್ಲಿ ಏನಿತ್ತು, ಮಾವನಿಗೆ ಗುಂಡು ಹೊಡೆದದ್ದು ಯಾವುದರಿಂದ ಅಂತ ಅವರನ್ನೇ ಕೇಳಿ. ಸ್ವಲ್ಪ ದೂರ ನಿಂತು ಕೇಳಿ."

ಫೋನು ಕಿವಿಯಲ್ಲಿರುವಂತೆಯೇ ಆಯಿಲಕ್ಕ ಮೆಲ್ಲಗೆ ತಲೆ ಎತ್ತಿದಳು.

ತಂಗಿ ಅವಳನ್ನೇ ನೋಡುತ್ತಿದ್ದಳು. ಬಾಯಿಗೊತ್ತಿದ್ದ ಬಟ್ಟೆ ಈಗ ಮಡಿಲಲ್ಲಿತ್ತು, ಕಣ್ಣು ಒಣಗಿತ್ತು. ಬಲಗೈ ಮೇಜಿನ ಮೇಲೆ, ಬೆರಳು ಬಿಡಿಸಿಕೊಂಡು, ತೆಪ್ಪಗೆ ಮಲಗಿತ್ತು.

ಎಡಗೈ ಮೊಣಕೈವರೆಗೂ ಬಟ್ಟೆಯ ರಾಶಿಯೊಳಗಿತ್ತು.

"ಏನಂತೆ ಅಕ್ಕಾ?" ಎಂದಳು.